ಎಂಟು ಗಂಟೆ ಮಲಗಿದರೆ ಎಲ್ಲ ಗಾಯವೂ ಮಾಯುವ ನಿಯಮದ ಕುರಿತು ಒಂದು ಅರಿಕೆ

ಆಟದ ಪುಸ್ತಕದಲ್ಲಿ ವಿಶ್ರಾಂತಿಯ ಅಧ್ಯಾಯವನ್ನು ಬರೆದ ಮಾನ್ಯರೇ,

ಸರೋವರದ ಗಾಳಿಗೆ ಕಿಟಕಿಗಳೆಲ್ಲ ಗಡಗಡ ಎನ್ನುತ್ತಿರುವ ಡುಲೂತ್ ನಗರದ ನನ್ನ ಅಡುಗೆಮನೆಯಿಂದ, ತಮ್ಮ ಸುಖನಿದ್ರೆಗೆ ಎಂದೂ ಭಂಗ ಬಾರದಿರಲಿ ಎಂದು ಹಾರೈಸುತ್ತಾ ಬರೆದುಕೊಳ್ಳುವುದೇನೆಂದರೆ, ನಾನು ಕ್ಲಿಫರ್ಡ್ ನೈಗಾರ್ಡ್, ಬೀಗ ರಿಪೇರಿ ಅಂಗಡಿಯವನು. ಭಾನುವಾರ ಮಧ್ಯಾಹ್ನ ತಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡು ಇಬ್ಬರು ಗೆಳೆಯರಿಗೆ ರಕ್ಕಸರ ಕಥೆ ಆಡಿಸುತ್ತೇನೆ. ಗುಹೆ, ರಕ್ಕಸ, ರಾಜ, ತೋಳ ಎಲ್ಲವೂ ನಾನೇ. ಅವರಿಬ್ಬರು ವೀರರು. ಏಟು ಬಿತ್ತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಶಾಲೆಯಲ್ಲಿ ಅಡುಗೆ ಮಾಡುವ ರೂಡಿ ಬೊಲ್ಯೂ ನಮ್ಮ ಕತ್ತಿವೀರ. ನಗರಸಭೆಯ ಹಿಮ ತಳ್ಳುವ ಲಾರಿ ಓಡಿಸುವ ಡಾರ್ಲಾ ಕೊಸ್ಕಿ ಮಂತ್ರವಾದಿನಿ.

ಮೈಯೆಲ್ಲ ಸೀಳಿಹೋಗಿದ್ದರೂ, ಮಂತ್ರಗಳೆಲ್ಲ ಖರ್ಚಾಗಿದ್ದರೂ, ಎಂಟು ಗಂಟೆ ಮಲಗಿ ಎದ್ದರೆ ಸಕಲವೂ ಮರಳಿ ಬರುತ್ತದೆ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ವೈದ್ಯಲೋಕವೇ ನಾಚಬೇಕಾದ ಈ ಸಂಶೋಧನೆಗೆ ನನ್ನ ನಮಸ್ಕಾರಗಳು. ಮಂಜುಗಡ್ಡೆಯ ಮೇಲೆ ಜಾರಿ ಮುರಿದುಕೊಂಡ ನನ್ನ ಮೊಣಕಾಲು ತಮ್ಮ ಪುಸ್ತಕವನ್ನು ಓದಿಲ್ಲವೆಂದು ಕಾಣುತ್ತದೆ. ಅದು ಈಗಲೂ ಮೆಟ್ಟಿಲು ಕಂಡರೆ ಕಿರುಗುಟ್ಟುತ್ತದೆ.

ನನ್ನ ಕಥೆಯಲ್ಲಿ ಊರ ಗಂಟೆ ಬಾರಿಸುವವನನ್ನು ರಕ್ಕಸನೊಬ್ಬ ಹೊತ್ತೊಯ್ದಿದ್ದ. ಸಂಜೆಗೆ ಅವನ ಸಾರು ಮಾಡುವುದೆಂದು ನಿಶ್ಚಯವಾಗಿತ್ತು. ನಮ್ಮ ವೀರರು ಗುಹೆಯ ಬಾಗಿಲಿಗೆ ಬಂದರು. ಅಲ್ಲಿ ಇಸ್ಪೀಟು ಆಡುತ್ತ ಕೂತಿದ್ದ ಇಬ್ಬರು ಬಡಪಾಯಿ ಕಾವಲುಗಾರರ ಮೇಲೆ ಡಾರ್ಲಾ ತನ್ನ ಬೆಂಕಿ, ಸಿಡಿಲು, ಬಿರುಗಾಳಿ ಎಲ್ಲವನ್ನೂ ಒಂದೇ ಉಸಿರಿಗೆ ಸುರಿದಳು.

"ನನ್ನದೆಲ್ಲ ಖಾಲಿ. ಮಲಗೋಣ," ಅಂದಳು.

"ಕಥೇಲಿ ಈಗಿನ್ನೂ ಬೆಳಿಗ್ಗೆ ಹತ್ತು ಗಂಟೆ," ಅಂದೆ.

"ಪರದೆ ಎಳ್ಕೊಂಡ್ರಾಯ್ತು."

"ಗುಹೇಲಿ ಎಲ್ಲಿ ಪರದೆ ಮಾರಾಯ್ತಿ?"

"ಆಗ್ಲೇ ಕತ್ತಲೆ ಇದೆ ಅಂತಾಯ್ತು. ಇನ್ನೂ ಒಳ್ಳೇದು."

ನಿದ್ದೆ ಕೆಡಿಸಲೆಂದು ನಾನು ತೋಳಗಳನ್ನು ಕಳಿಸಿದೆ. ರೂಡಿ ಸತ್ತುಬಿದ್ದ ಕಾವಲುಗಾರನೊಬ್ಬನನ್ನು ಎಳೆತಂದು ಬಾಗಿಲಿಗೆ ಅಡ್ಡ ಹಾಕಿ, "ಗಾಳಿನೂ ಬರಲ್ಲ, ಬೆಚ್ಚಗಿರುತ್ತೆ," ಎಂದು ಪಕ್ಕದಲ್ಲೇ ಉರುಳಿಕೊಂಡ.

ಆಗ ತಮ್ಮದೇ ಪುಸ್ತಕದ ಕೊನೆಯಲ್ಲಿ, ಕಠಿಣ ಆಟ ಬಯಸುವವರಿಗೆಂದು ತಾವು ದಯಪಾಲಿಸಿರುವ ಇನ್ನೊಂದು ನಿಯಮ ನನ್ನ ಕಣ್ಣಿಗೆ ಬಿತ್ತು: ಪೂರ್ಣ ವಿಶ್ರಾಂತಿಗೆ ಎಂಟು ಗಂಟೆ ಸಾಲದು, ಒಂದು ವಾರ ಬೇಕು. ಇನ್ನಾದರೂ ನಾಚಿಕೊಂಡು ಮುಂದೆ ನಡೆದಾರೆಂದು ಅದನ್ನೇ ಜಾರಿಗೆ ತಂದೆ. ಅವರು ನಾಚಲಿಲ್ಲ, ಬೆಟ್ಟದ ಬುಡದಲ್ಲಿ ಬಾಡಿಗೆಗೆ ಮನೆ ಹಿಡಿದರು. ಒಂದು ದಿನ ಕಾದಾಡುವುದು, ಒಂದು ವಾರ ಮಲಗುವುದು. ರೂಡಿ ಅಂಗಳದಲ್ಲಿ ಎಲೆಕೋಸು ಹಾಕಿದ. ಆಟದೊಳಗೆ ಚಳಿಗಾಲ ಕಳೆದು ವಸಂತ ಬಂತು. ಸಾರು ಮಾಡುವ ಮೊದಲು ವೀರರು ಬರಲಿ ಎಂದು ಕಾದು ಕಾದು ಸಾಕಾದ ರಕ್ಕಸ, ಸೆರೆಯಾಳನ್ನು ಅಡುಗೆಮನೆಯ ಕೆಲಸಕ್ಕೆ ಹಚ್ಚಿದ. ಜಗತ್ತು ಯಾರಿಗಾಗಿಯೂ ನಿಲ್ಲದೆಂಬ ಧರ್ಮಕ್ಕೆ ಬದ್ಧನಾದ ನಾನು, ಆ ಗಂಟೆಯವನಿಗೆ ರಕ್ಕಸನ ತಂಗಿಯ ಜೊತೆ ಮದುವೆಯನ್ನೂ ಮಾಡಿಸಬೇಕಾಯಿತು. ಕೊನೆಗೊಮ್ಮೆ ವೀರರು ಬಾಗಿಲು ಒಡೆದು ನುಗ್ಗಿದಾಗ ಅವನೇ ಸೌಟು ಹಿಡಿದು ಬಂದು, "ಯಾರು ನೀವು? ಊಟದ ಹೊತ್ತಿಗೇ ಬಂದ್ರಿ, ಕೂತ್ಕೊಳ್ಳಿ," ಅಂದ.

"ಮಲಗಿ ಮಲಗಿ ಮದುವೆ ಊಟ ತಪ್ಪಿಸ್ಕೊಂಡ್ವಲ್ಲೋ," ಎಂದು ರೂಡಿ ನೊಂದುಕೊಂಡ.

ನನಗೆ ರೇಗಿಹೋಯಿತು. ಪುಸ್ತಕ ಮುಚ್ಚಿ, "ಇನ್ಮೇಲೆ ಈ ಆಟದಲ್ಲಿ ನಿದ್ದೆನೇ ಇಲ್ಲ," ಅಂದೆ.

ಡಾರ್ಲಾ ಎದ್ದು ಕೋಟು ಹಾಕಿಕೊಂಡಳು. ಬೂಟಿನ ದಾರ ಕಟ್ಟುತ್ತ, ನನ್ನ ಮುಖ ನೋಡದೆ ಹೇಳಿದಳು: "ಹಿಮ ಬಿದ್ದಾಗೆಲ್ಲ ಫೋನ್ ಮಾಡಿ ಎಬ್ಬಿಸ್ತಾರೆ ಕ್ಲಿಫ್. ನಾನು ಹಿಮ ತಳ್ಳಿದ ದಾರಿ ಮೇಲೇ ಮತ್ತೆ ಬೀಳುತ್ತೆ. ಈ ಚಳಿಗಾಲ ಪೂರ್ತಿ ನಿದ್ದೆ ಅಂತ ಒಂದು ದಿನನೂ ಮಾಡಿಲ್ಲ. ಮಲಗಿ ಎದ್ದರೆ ಎಲ್ಲಾ ಸರಿಹೋಗೋ ಜಾಗ ನಂಗೆ ಇದೊಂದೇ ಇತ್ತು."

ಮುಂದಿನ ಭಾನುವಾರ ಅವಳು ಬರಲಿಲ್ಲ. ಮೂವರಿಗೆಂದು ಓವನ್ನಿನಲ್ಲಿ ಬೇಯಿಸಿದ, ಈ ಕಡೆಯವರು ಹಾಟ್‌ಡಿಶ್ ಎನ್ನುವ ಆಲೂಗಡ್ಡೆ-ಮಾಂಸದ ಅಡುಗೆಯನ್ನು ಇಬ್ಬರೇ ಕೆದಕುತ್ತ ಕೂತೆವು. "ನೀನು ರಕ್ಕಸನ ಪಾತ್ರ ಚೆನ್ನಾಗೇ ಮಾಡ್ತೀಯ," ಅಂದ ರೂಡಿ, "ಆದ್ರೆ ಅದನ್ನ ಆಟದೊಳಗೆ ಮಾತ್ರ ಮಾಡು. ಈಗ ಫೋನ್ ಎತ್ಕೋ." ಎತ್ತಿಕೊಂಡೆ. ಹಳೆಯ ಎಂಟು ಗಂಟೆಯ ನಿಯಮ ಮರಳಿ ಬಂದಿದೆ ಎಂದು, ಸಾಧ್ಯವಾದಷ್ಟು ಅಧಿಕಾರವಾಣಿಯಲ್ಲಿ, ಡಾರ್ಲಾಗೆ ತಿಳಿಸಿದೆ. "ಊಟಕ್ಕೇನಿರುತ್ತೆ?" ಎಂದು ಕೇಳಿದಳು.

ಅವಳು ಬಂದಳು, ಮೊದಲು ಸಿಕ್ಕ ಕಾವಲುಗಾರನ ಮೇಲೆ ಎಂದಿನಂತೆ ಇದ್ದಬದ್ದ ಮಂತ್ರವನ್ನೆಲ್ಲ ಸುರಿದಳು, ಮತ್ತು "ಮಲಗೋಣ" ಎನ್ನುವ ಮೊದಲೇ ಮೇಜಿಗೆ ತಲೆಯಿಟ್ಟು ನಿಜವಾಗಿಯೇ ಮಲಗಿಬಿಟ್ಟಳು. ದಾಳದ ಸದ್ದಾಗದಿರಲೆಂದು ರೂಡಿ ಟವೆಲ್ ಹಾಸಿದ. ಗುಹೆಯ ರಕ್ಕಸರೆಲ್ಲ ತುದಿಗಾಲಲ್ಲಿ ಓಡಾಡಿದರು. ನಾನು ರಕ್ಕಸನಾಗಿ ಪಿಸುದನಿಯಲ್ಲಿ ಘರ್ಜಿಸಿದೆ. ಸುಮಾರು ಎರಡು ಗಂಟೆ ಮಲಗಿ ಎದ್ದ ಅವಳು ಕೆನ್ನೆಗೆ ಅಂಟಿದ ದಾಳವನ್ನು ಕಿತ್ತುಕೊಳ್ಳುತ್ತ ಕೇಳಿದಳು: "ಎಷ್ಟು ವಾಪಸ್ ಬಂತು?"

ತಮ್ಮ ಪುಸ್ತಕದ ಪ್ರಕಾರ ಅಷ್ಟು ನಿದ್ದೆಗೆ ಮಂತ್ರವಾದಿನಿಗೆ ಸಿಗುವುದು ಅಲ್ಪಸ್ವಲ್ಪ. ರೂಡಿ ನನ್ನನ್ನೇ ನೋಡುತ್ತಿದ್ದ.

"ಎಲ್ಲಾ," ಅಂದೆ.

ಹೀಗೆ ತಮ್ಮ ನಿಯಮವನ್ನು ಸಾಕ್ಷಿಸಮೇತ ಮುರಿದಿರುವ ನಾನು, ನನ್ನನ್ನು ತಿದ್ದುವ ಬದಲು ಪುಸ್ತಕವನ್ನೇ ತಿದ್ದಬೇಕೆಂದೂ, ಗೆಳೆಯರ ಮೇಜಿನ ಮೇಲೆ ಮಾಡಿದ ನಿದ್ದೆಗೆ ಗಂಟೆಯ ಲೆಕ್ಕ ಕೇಳಬಾರದೆಂದೂ, ಸಾಧ್ಯವಾದರೆ ಇಲ್ಲಿನ ಸರೋವರದ ಮೇಲಿನ ಮೋಡಗಳಿಗೂ ವಾರಕ್ಕೊಂದು ದೀರ್ಘ ವಿಶ್ರಾಂತಿಯನ್ನು ಕಡ್ಡಾಯ ಮಾಡಬೇಕೆಂದೂ ತಲೆಬಾಗಿ ಬೇಡಿಕೊಳ್ಳುತ್ತೇನೆ.

ಆಕಳಿಕೆ ತಡೆದುಕೊಂಡು ಸಹಿ ಹಾಕುತ್ತಿರುವ,
ತಮ್ಮ ವಿಶ್ವಾಸಿ,
ಕ್ಲಿಫರ್ಡ್ ನೈಗಾರ್ಡ್

ತಾ.ಕ.: ತಮ್ಮ ದೂರು ವಿಭಾಗಕ್ಕೆ ಯಾವಾಗ ಫೋನ್ ಮಾಡಿದರೂ, ಸಿಬ್ಬಂದಿ ಸ್ವಲ್ಪ ವಿರಾಮದಲ್ಲಿದ್ದಾರೆ ಎಂದು ಯಂತ್ರವೊಂದು ಇಂಪಾಗಿ ಹೇಳುತ್ತದೆ. ಶರತ್ಕಾಲದಿಂದಲೂ ಹೀಗೇ ಹೇಳುತ್ತಿದೆ. ತಮ್ಮ ನಿಯಮದಂತೆ ಅವರೆಲ್ಲ ಇಷ್ಟರಲ್ಲಿ ಅಜೇಯರಾಗಿರಬೇಕು. ದಯವಿಟ್ಟು ಯಾರಾದರೂ ಹೋಗಿ ಎಬ್ಬಿಸಿ.