ಮಾವನ ಹೆಬ್ಬೆಟ್ಟು

ಒಂದು ವಾರದ ಮಟ್ಟಿಗೆಂದು ಯಗಟಿಯಿಂದ ಕಡೂರಿಗೆ ಬಂದಿದ್ದ ಮಾವ ಸೋಮಶೇಖರಪ್ಪನವರು, ಅಳಿಯ ಬಸವೇಶನ ಮನೆಯಲ್ಲಿ ದೀಪಾವಳಿಯನ್ನೂ ಮುಗಿಸಿ ಕೂತಿದ್ದರು. ರಿಟೈರಾದ ಹೆಡ್‌ಮಾಸ್ಟರು. ಟೀವಿ ರಿಮೋಟು ಅವರ ಕೈಯಲ್ಲಿ, ಪೇಪರು ಅವರ ತೊಡೆಯ ಮೇಲೆ, ಹಂಡೆಯ ಬಿಸಿನೀರೆಲ್ಲ ಅವರ ಮೈಮೇಲೆ. ಬಸವೇಶ ಕೆಮ್ಮಿದರೂ ತಪ್ಪು ಕೆಮ್ಮಿದ ಎಂದು ತಿದ್ದುತ್ತಿದ್ದರು. "ಬದುಕಿದ್ದೀನಿ ಅಂತ ಪೆನ್ಷನ್‌ಗೆ ಹೆಬ್ಬೆಟ್ಟು ಒತ್ತಿ, ಮಾರನೇ ದಿನಾನೇ ಊರಿಗೆ ಹೊರಡ್ತೀನಿ" ಎಂದು ಅವರೇ ಹೇಳಿದ್ದರಿಂದ ಬಸವೇಶ ಆ ಹೆಬ್ಬೆಟ್ಟನ್ನು ಮನೆದೇವರಿಗಿಂತ ಹೆಚ್ಚಾಗಿ ನಂಬಿಕೊಂಡಿದ್ದ. ಒತ್ತಲು ಇವತ್ತೇ ಕಡೇ ದಿನ.

ಪೇಟೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸೆಂಟರಿನ ಕ್ಯೂ ರಸ್ತೆಗೆ ಬಂದಿತ್ತು. ಜೀವಮಾನವೆಲ್ಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮಾವ, ತಾವು ಸಾಲಿನಲ್ಲಿ ನಿಲ್ಲಲು ಒಪ್ಪಲಿಲ್ಲ. ಪಕ್ಕದ ಮನೆ ಈರಭದ್ರಪ್ಪನ ಸೊಸೆ ಸ್ಫೂರ್ತಿ ಮನೆಯಲ್ಲೇ ಹೆಬ್ಬೆಟ್ಟಿನ ಮೆಷಿನ್ನು ಇಟ್ಟುಕೊಂಡಿದ್ದಳು. ಆದರೆ ಹೋದ ವಾರ ಕಾಫಿ ಕೊಡುತ್ತಾ ಈರಭದ್ರಪ್ಪ, "ಮೇಷ್ಟ್ರೇ, ಅಳಿಯನ ಮನೇಲಿ ಇನ್ನೆಷ್ಟು ದಿನ ಠಿಕಾಣಿ?" ಎಂದು ಕೇಳಿಬಿಟ್ಟಿದ್ದ. ಬಸವೇಶನಿಗೆ ಅವನ ಕಾಲಿಗೆ ಬೀಳಬೇಕೆನಿಸಿತ್ತು. ಮಾವ ಮಾತ್ರ ಲೋಟ ಕುಕ್ಕಿ, "ಬದುಕಿರೋವರೆಗೂ ನಿನ್ನ ಹೊಸಿಲು ತುಳಿಯಲ್ಲ ಕಣೋ!" ಎಂದು ಎದ್ದು ಬಂದಿದ್ದರು. "ಹಂಗಾದ್ರೆ ನನ್ನ ಮನೆ ಸಾಮಾನೂ ಹೊಸಿಲು ದಾಟಲ್ಲ" ಎಂದು ಈರಭದ್ರಪ್ಪನೂ ಕೂಗಿದ್ದ.

ಈಗ ಬದುಕಿದ್ದೇನೆಂದು ತೋರಿಸಲು, ಬದುಕಿರುವವರೆಗೂ ತುಳಿಯದ ಹೊಸಿಲನ್ನೇ ತುಳಿಯಬೇಕಾಗಿತ್ತು.

"ನೀವೂ ಹೋಗ್ಬೇಡಿ ಮಾವ, ಮೆಷಿನ್ನೂ ಬರೋದು ಬೇಡ" ಎಂದ ಬಸವೇಶ. "ಅದು ಯುಎಸ್‌ಬಿ ಮೆಷಿನ್ನು. ವೈಫೈನಲ್ಲಿ ಶೇರ್ ಮಾಡಿದ್ರೆ ಅಲ್ಲಿರೋದು ನಮ್ಮ ಲ್ಯಾಪ್‌ಟಾಪಿಗೇ ಸಿಗ್ತೈತೆ." ಗೊಬ್ಬರದಂಗಡಿಯ ಪ್ರಿಂಟರನ್ನು ಒಮ್ಮೆ ಹಾಗೆ ಜೋಡಿಸಿದ ಧೈರ್ಯ ಅವನದು.

ಎರಡೂ ಮನೆಗೆ ಒಂದೇ ವೈಫೈ ಎನ್ನುವುದು ಅವನಿಗೆ ಗೊತ್ತಾದದ್ದೇ ಅವತ್ತು. "ಪಾಸ್‌ವರ್ಡ್ ನಾನೇ ಕೊಟ್ಟಿದ್ದು ಕಣ್ರೀ. ಅವರು ಹುಣಸೆಹಣ್ಣು ಕೊಟ್ರಲ್ಲ, ಸುಮ್ನೆ ಇಸ್ಕೊಳಕ್ಕಾಗ್ತದಾ?" ಎಂದಳು ಹೆಂಡತಿ ಸೌಮ್ಯ.

ಬೆಳಿಗ್ಗೆಯಿಂದ ಬಸವೇಶ ಎರಡು ಮನೆಗಳ ನಡುವೆ ಲಾಳಿಯ ಹಾಗೆ ಓಡಾಡಿದ. ಅಲ್ಲಿ ಸಾಫ್ಟ್‌ವೇರ್ ಹಾಕಿದರೆ ಇಲ್ಲಿ ಮೆಷಿನ್ನು ಕಾಣದು. ಇಲ್ಲಿ ಕಂಡರೆ ಆಂಟಿವೈರಸ್ಸು ಕಳ್ಳನನ್ನು ಹಿಡಿದಂತೆ ತಡೆಯುವುದು. ಅದನ್ನು ಮುಚ್ಚಿದರೆ ಡ್ರೈವರ್ ಇಲ್ಲ ಎನ್ನುವುದು. ಅಂತೂ ಡ್ರೈವರ್ ಇಳಿಯುತ್ತಾ ಇನ್ನೇನು ಮುಗಿಯಿತು ಎನ್ನುವಾಗ ಎದುರು ಮನೆಯ ಚೌಡಪ್ಪ ಬಂದ. ಪಂಪ್‌ಸೆಟ್ ರಿಪೇರಿಯಲ್ಲಿ ಪಳಗಿದವನು.

"ಇದೇನ್ ಮಹಾ! ಒಂದ್ಸಲ ಆಫ್ ಮಾಡಿ ಆನ್ ಮಾಡ್ಬೇಕು ಅಷ್ಟೇ" ಎಂದು, ಯಾರೂ ತಡೆಯುವ ಮುಂಚೆ ಮೀಟರ್ ಬೋರ್ಡಿನ ಮೈನ್ ಸ್ವಿಚ್ಚನ್ನೇ ಇಳಿಸಿದ. ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ಬಸವೇಶನಿಗೆ ಅಳುವೇ ಬಂತು.

ಮತ್ತೆ ಮೊದಲಿನಿಂದ ಶುರು. ಸಂಜೆ ಐದಕ್ಕೆ ಪರದೆಯ ಮೇಲೆ 'ಮೆಷಿನ್ ಸಿದ್ಧವಾಗಿದೆ, ಬೆರಳಿಡಿ' ಎಂದು ಮೂಡಿತು. ಬಸವೇಶ ಕೂತಲ್ಲೇ ಕುಣಿದ. ಮಾವ ಹೆಬ್ಬೆರಳನ್ನು ಸೋಪು ಹಾಕಿ ತೊಳೆದು, ಪಂಚೆಗೆ ಒರೆಸಿ, ಪರದೆಯ ಮೇಲೆ ಒತ್ತಿದರು. ಏನೂ ಆಗಲಿಲ್ಲ. ಮೌಸಿನ ಮೇಲೆ ಒತ್ತಿದರು. ಚೌಡಪ್ಪನ ಸಲಹೆಯಂತೆ ವೈಫೈ ಡಬ್ಬಿಯ ಮೇಲೂ ಒತ್ತಿದರು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಸ್ಫೂರ್ತಿ ಕೂಗಿದಳು. "ಅಣ್ಣಾ, ಇಲ್ಲಿ ಮೆಷಿನ್ನಲ್ಲಿ ಕೆಂಪು ಲೈಟ್ ಹತ್ಕೊಂಡೈತೆ! ಬೇಗ ಬೆರಳಿಡಕ್ಕೆ ಹೇಳಿ!"

ಮೆಷಿನ್ನು ವೈಫೈನಲ್ಲಿ ಬಂದಿತ್ತು. ಬೆರಳು ಹೋಗುವುದು ಹೇಗೆಂದು ಬಸವೇಶ ಯೋಚಿಸಿಯೇ ಇರಲಿಲ್ಲ.

"ನನ್ನ ಹತ್ರ ಓದಿದ್ದಿದ್ರೆ ನೀನು ಏಳನೇ ಕ್ಲಾಸೂ ದಾಟ್ತಿರ್ಲಿಲ್ಲ" ಎಂದರು ಮಾವ.

ಒಗ್ಗರಣೆ ಹಾಕುತ್ತಿದ್ದ ಸೌಮ್ಯ ಸೌಟು ಹಿಡಿದೇ ಹೊರಗೆ ಬಂದಳು. "ಕಿಟಕಿಗೆ ಹೊಸಿಲು ಎಲ್ಲೈತ್ರೀ? ಮೆಷಿನ್ನು ಅವರ ಕಿಟಕಿ ಒಳಗೇ ಇರ್ಲಿ. ಅಪ್ಪ ಕಾಂಪೌಂಡ್ ಮೇಲಿಂದ ಕೈ ಚಾಚ್ಲಿ."

ಸ್ಟೂಲು ಬಂತು. ಮಾವ ಹತ್ತಿ, ಗೋಡೆಯ ಮೇಲೆ ಹೊಟ್ಟೆಯೂರಿ, ಈರಭದ್ರಪ್ಪನ ಕಿಟಕಿಯೊಳಗೆ ಕೈ ತೂರಿಸಿದರು. ಬೆರಳು ಮೆಷಿನ್ನಿಗೆ ಎಟುಕಿತು, ಆದರೆ ಅದರ ಗಾಜಿನ ಮೇಲೆ ಸರಿಯಾಗಿ ಕೂರಲಿಲ್ಲ. ಒಳಗಿದ್ದ ಈರಭದ್ರಪ್ಪನೇ ಕೊನೆಗೆ ಆ ಹೆಬ್ಬೆರಳನ್ನು ಹಿಡಿದು ಒತ್ತಿದ.

"ಮೆತ್ತಗೋ, ಮುರೀತೀಯೇನೋ!"

"ಸುಮ್ನಿರಿ ಮೇಷ್ಟ್ರೇ. ಕೈ ಎಷ್ಟು ತಣ್ಣಗಾಗೈತಲ್ರೀ, ಊಟ ಮಾಡಿಲ್ವಾ?"

"ಬೆಳಿಗ್ಗೆಯಿಂದ ಈ ಹುಡುಗ ಬಿಟ್ನೇನೋ!"

ಬೀಪ್ ಎಂದಿತು. ಮಾವ ಬದುಕಿದ್ದಾರೆಂದು ಮೊಬೈಲಿಗೆ ಮೆಸೇಜು ಬಂತು. ಬಸವೇಶ ಅವರಿಬ್ಬರ ಮಾತು ಕೇಳಲು ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಬೈಕು ಓಡಿಸಿ, ಯಗಟಿ ಬಸ್ಸಿನ ಟೈಮು ಕೇಳಿಕೊಂಡು, ದಾರಿಗೆಂದು ಬಾಳೆಹಣ್ಣನ್ನೂ ಕೊಂಡು ಬಂದ. ಬರುವಷ್ಟರಲ್ಲಿ ಮಾವನೂ ಈರಭದ್ರಪ್ಪನೂ ಅವನದೇ ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತಾ ಕೂತಿದ್ದರು.

"ಮಾವ, ಬೆಳಿಗ್ಗೆ ನಾನೇ ನಿಮ್ ಬ್ಯಾಗ್ ಹೊತ್ಕೊಂಡು ಬಸ್‌ಸ್ಟ್ಯಾಂಡಿಗೆ ಬತ್ತೀನಿ."

"ಬ್ಯಾಗ್ ಯಾಕಪ್ಪಾ? ಖಾಲಿ ಕೈಲಿ ಹೋಗು" ಎಂದರು ಮಾವ, ಬಾಳೆಹಣ್ಣು ಸುಲಿಯುತ್ತಾ. "ಈರಣ್ಣ ಇನ್ನೂ ಸ್ವಲ್ಪ ದಿನ ಇರಿ ಅಂತ ಇಷ್ಟು ಬಲವಂತ ಮಾಡೋವಾಗ ನಾನು ಹೊರಟ್ರೆ ಚೆನ್ನಾಗಿರಲ್ಲ. ಅಲ್ಲಿ ನಿಮ್ಮತ್ತೆ ಒಬ್ಳೇ ಆಗ್ತಾಳಲ್ಲ, ಅದಕ್ಕೇ ಬಾ ಅಂತ ಫೋನ್ ಮಾಡ್ದೆ. ಮೊದಲ್ನೇ ಬಸ್ಸಿಗೇ ಇಳೀತಾಳೆ. ಅವಳು ಒರಳುಕಲ್ಲು ಬಿಟ್ಟು ಬರೋಳಲ್ಲ, ಒಂದು ಆಟೋ ಹೇಳಿರು."