ವಾರೆ ಡ್ರೈವೂ ನನ್ನ ಡಿಗ್ರಿಯೂ

ನಮ್ಮ ಮನೆಯಿಂದ ಡಿಗ್ರಿಯವರೆಗೆ ಯಾರೂ ಮುಟ್ಟುವುದಿಲ್ಲ ಎಂದವರು ಕೆಮ್ಮಣ್ಣು ಊರಿನ ವಾಸು ಮಾವ, ಅಮ್ಮನ ಅಣ್ಣ. ಸಿಟ್ಟಿನಿಂದ ಹೇಳಿದ್ದಲ್ಲ. ನಾಳೆ ಸೆಕೆ ಜಾಸ್ತಿ ಎನ್ನುವಷ್ಟೇ ಸಲೀಸಾಗಿ, ಬಲೆಯ ಹರಕು ಹೊಲಿಯುತ್ತಾ ತುಳುವಿನಲ್ಲಿ ಹೇಳಿದ್ದು: "ನಮ್ಮವರಿಗೆ ಹತ್ತನೆಯದ್ದೇ ಪಟ್ಟಾಭಿಷೇಕ. ಇವಳದ್ದೂ ಅಲ್ಲಿಗೇ." ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಟ್ಟುಕೊಂಡೆ. ಜಂಬ ಈಗಲೂ ಇಳಿದಿಲ್ಲ. ಮದುವೆಯ ಉಡುಗೊರೆ ಕವರಿನಲ್ಲೂ ನನ್ನ ಹೆಸರಿನ ಕೊನೆಗೆ ಬಿ.ಸಿ.ಎ. ಇರುತ್ತದೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನು ನನ್ನ ಸಹಿ ನೋಡಿ, ಅಕ್ಕನ ಇನಿಶಿಯಲ್ ಎಲ್ಲ ಹೆಸರಿನ ಹಿಂದೆ ಹೋಗಿ ಕೂತಿದೆಯಲ್ಲ ಎಂದು ಕೇಳಿದ್ದ. ಆದರೆ ಆ ಬಿ.ಸಿ.ಎ. ಒಂದು ಫ್ಲಾಪಿ ಡ್ರೈವಿನ ಬಾಯಲ್ಲಿ ಸಿಕ್ಕಿಬಿದ್ದಿತ್ತು ಎನ್ನುವುದನ್ನು ಮಾತ್ರ ನಾನು ಯಾವ ಕವರಿನ ಮೇಲೂ ಬರೆದಿಲ್ಲ.

ಫ್ಲಾಪಿ ಎಂದರೆ ಈಗಿನ ಮಕ್ಕಳಿಗೆ ಗೊತ್ತಾಗದು. ಅಂಗೈಯಗಲದ ಚೌಕ ಪ್ಲಾಸ್ಟಿಕ್ಕು. ಇವತ್ತಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸಲಿಕ್ಕಿಲ್ಲ. ಅದನ್ನು ತೂರಿಸುವ ಗೂಡೇ ಡ್ರೈವ್. ಶಂಕರಪುರದ ನಮ್ಮ ಮನೆಯಲ್ಲಿದ್ದದ್ದು ಗಲ್ಫಿಗೆ ಹೋದ ನೆರೆಯವರಿಂದ ಕೊಂಡ ಹಳೆಯ ಕಂಪ್ಯೂಟರ್. ಫ್ಲಾಪಿ ಹಾಕಿದರೆ ಅಡುಗೆಮನೆಯಲ್ಲಿ ಯಾರೋ ತೆಂಗಿನಕಾಯಿ ತುರಿಯುತ್ತಿದ್ದಾರೆ ಎಂದೇ ಅನಿಸಬೇಕು, ಅಂಥ ಸದ್ದು. ನನ್ನ ಕೊನೆಯ ವರ್ಷದ ಪ್ರಾಜೆಕ್ಟು, ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಪ್ರೋಗ್ರಾಮು, ಪೂರ್ತಿ ನಾಲ್ಕು ಫ್ಲಾಪಿಗಳಲ್ಲಿತ್ತು. ಸೋಮವಾರ ಅದು ಪರೀಕ್ಷಕರ ಎದುರು ಓಡದಿದ್ದರೆ ಡಿಗ್ರಿ ಇಲ್ಲ. ಮಾವನ ಮಾತೇ ಸತ್ಯ. ಇಷ್ಟು ದೊಡ್ಡ ಕೆಲಸಕ್ಕೆ ಈ ಮುದಿ ಡ್ರೈವನ್ನು ನಂಬುವುದು ಹೇಗೆ? ನಂಬಿಕಸ್ತವಾದ ಹೊಸದೊಂದು ತರುವುದೆಂದು ತೀರ್ಮಾನಿಸಿದೆ.

ಉಡುಪಿಯಲ್ಲಿ ಸೀರೆಗೆ ಕೂಡ ನಾನು ಅಷ್ಟು ಅಂಗಡಿ ಹತ್ತಿಳಿದವಳಲ್ಲ. ಎಲ್ಲವೂ ಒಂದೇ ಅಕ್ಕ, ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎಂದು ಅಂಗಡಿಯವರು ಬೇಡಿಕೊಂಡರು. ನಾನು ಕೇಳಲಿಲ್ಲ. ಅಮ್ಮ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ನೀರು ನೋಡುವ ಹಾಗೆ ಒಂದೊಂದು ಡ್ರೈವನ್ನೂ ಅಲುಗಾಡಿಸಿ ನೋಡಿದೆ. ಓಡಿಸಿ ತೋರಿಸಿ ಎಂದೆ. ಕೊನೆಗೆ ಉಸಿರೇ ಕೇಳಿಸದ, ಬಹಳ ಸಭ್ಯವಾದ ಒಂದನ್ನು ಆರಿಸಿದೆ. ಮನೆಗೆ ತಂದು ಹಳೆಯದನ್ನು ಬಿಚ್ಚಿ ಎಸೆದು ಇದನ್ನು ಕೂರಿಸಿದೆ. ಹೊಸ ಸೊಸೆ ಬರುವಾಗ ಮನೆಗೆ ಸುಣ್ಣ ಬಳಿಯಬೇಕಲ್ಲ. ಕಂಪ್ಯೂಟರಿನಲ್ಲಿದ್ದ ನನ್ನ ಫೈಲುಗಳನ್ನೂ ಪೂರ್ತಿ ಒರೆಸಿ ಶುದ್ಧ ಮಾಡಿದೆ. ಹೇಗೂ ಎಲ್ಲ ಫ್ಲಾಪಿಯಲ್ಲಿ ಉಂಟಲ್ಲ ಎಂಬ ಧೈರ್ಯ. ಆಮೇಲೆ ಮೊದಲ ಫ್ಲಾಪಿ ತೂರಿಸಿದೆ. ಇದರಲ್ಲಿ ಏನೂ ಬರೆದಿಲ್ಲ, ಹೊಸದಾಗಿ ಸಿದ್ಧ ಮಾಡಲೇ ಎಂದು ಕಂಪ್ಯೂಟರ್ ವಿನಯದಿಂದ ಕೇಳಿತು. ಉಳಿದ ಮೂರಕ್ಕೂ ಅದೇ ವಿನಯ.

ಮರುದಿನ, ಶನಿವಾರ, ನಾಲ್ಕನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಮಣಿಪಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ವಲೇರಿಯನರ ಬಳಿ ಓಡಿದೆ. ಅವರ ಡ್ರೈವೂ ಓದಲಿಲ್ಲ. ಅವರು ಗಡ್ಡ ಕೆರೆದು ಹೇಳಿದರು:

"ನಿಮ್ಮ ಹಳೇ ಡ್ರೈವಿನ ಓದಿ ಬರೆಯುವ ಹೆಡ್ಡು ವಾರೆ ಇದ್ದಿರಬೇಕು. ವಾರೆಯಾಗಿ ಬರೆದದ್ದು ನೇರ ಇರುವವರಿಗೆ ಕಾಣುವುದಿಲ್ಲ. ಬರೆದವನೇ ಓದಬೇಕು. ಅದು ಉಂಟಲ್ವಾ?"

ಉಂಟೇ? ಬಸ್ಸಿನುದ್ದಕ್ಕೂ ನನಗೆ ಗುಜರಿಯವನ ಸೈಕಲ್ಲೇ ಕಣ್ಣೆದುರು. ಮನೆ ತಲುಪಿದರೆ ಅಮ್ಮ ಜಗಲಿಯಲ್ಲಿ ಬಾಳೆನಾರು ಹಿಡಿದು ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದ ಬುಟ್ಟಿಯ ಮೊಗ್ಗು ಬಾಡದಿರಲೆಂದು ಒದ್ದೆ ಬಟ್ಟೆ ಹೊದಿಸಿತ್ತು. ಬಟ್ಟೆ ಹಾರದಿರಲೆಂದು ಅದರ ಮೇಲೆ ನನ್ನ ಡಿಗ್ರಿಯನ್ನು ಇಟ್ಟಿದ್ದರು. ಆ ಹಳೆಯ ಡ್ರೈವಿಗೆ ನಾನು ಕೈಹಾಕಿದಾಗ ಅಮ್ಮ ತಲೆ ಕೂಡ ಎತ್ತಲಿಲ್ಲ.

"ಅದನ್ನು ತೆಗೆಯುವುದಾದರೆ ಅಷ್ಟೇ ಭಾರದ್ದು ಬೇರೆ ಎಂತಾದರೂ ತಂದಿಡು."

ಅಷ್ಟೇ ಭಾರದ್ದು ಮನೆಯಲ್ಲಿ ಒಂದೇ ಇತ್ತು. ಊರೆಲ್ಲ ತಿರುಗಿ ಆರಿಸಿ ತಂದ ಹೊಸ ಡ್ರೈವನ್ನು ಬಿಚ್ಚಿ ಬುಟ್ಟಿಯ ಮೇಲಿಟ್ಟೆ. ಆ ಕೆಲಸವನ್ನು ಅದು ವರ್ಷಗಟ್ಟಲೆ ನಂಬಿಕಸ್ತವಾಗಿ ಮಾಡಿತು.

ಒದ್ದೆ ಬಟ್ಟೆಯ ನೀರು ಕುಡಿದಿದ್ದ ಹಳೆಯ ಡ್ರೈವನ್ನು ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟು, ಕಾಗೆ ಓಡಿಸುತ್ತಾ ಕೂತಿದ್ದೆ. ಮೀನು ಕೊಡಲು ಬಂದ ವಾಸು ಮಾವ ಇದನ್ನೆಂತ ಒಣಗಿಸುವುದು ಎಂದು ಕೇಳಿದರು. ಹೇಳಿದೆ. ಅಂದರೆ ಅದು ಬರೆದದ್ದನ್ನು ಅದೇ ಓದಬೇಕಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ನಗದೆ ಹೋದರು, ನನಗೆ ಹೆದರಿಕೆಯಾದದ್ದು ಅದಕ್ಕೇ.

ಸಂಜೆ ಡ್ರೈವನ್ನು ಕೂರಿಸಿ ಫ್ಲಾಪಿ ಹಾಕಿದೆ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ತೆಂಗಿನಕಾಯಿ ತುರಿಯಲು ಶುರುವಾಯಿತು. ಅಷ್ಟು ಇಂಪಾದ ಸದ್ದನ್ನು ನಾನು ಆಮೇಲೆ ಕೇಳಿಲ್ಲ. ನಾಲ್ಕನ್ನೂ ಓದಿತು. ಆದರೆ ಕಾಲೇಜಿನ ಡ್ರೈವೂ ನೇರ ಸ್ವಭಾವದ್ದೇ ಇರಬಹುದಲ್ಲ. ಅದಕ್ಕಾಗಿ ಸೋಮವಾರ ಇಡೀ ಸಿಪಿಯು ಪೆಟ್ಟಿಗೆಯನ್ನೇ ರಿಕ್ಷಾದಲ್ಲಿ ಮಡಿಲಲ್ಲಿ ಕೂರಿಸಿಕೊಂಡು ಹೋದೆ. ಕಾರ್ಕಳದಿಂದ ಬಂದಿದ್ದ ಪರೀಕ್ಷಕರು, ಎಲ್ಲರೂ ಫ್ಲಾಪಿ ತರುತ್ತಾರೆ, ನೀವು ಸಂಸಾರವನ್ನೇ ತಂದಿದ್ದೀರಲ್ಲ ಎಂದರು. ಪ್ರೋಗ್ರಾಮು ಓಡಿತು.

ಪದವಿ ಪತ್ರ ಬಂದ ದಿನ ಅದನ್ನು ನೇರ ಕೆಮ್ಮಣ್ಣಿಗೆ ಒಯ್ದು ಮಾವನ ಕೈಗಿಟ್ಟೆ. ಅವರ ಕಣ್ಣು ಒದ್ದೆಯಾದರೆ ಎಂತ ಹೇಳಬೇಕೆಂದು ಬಸ್ಸಿನಲ್ಲೇ ಯೋಚಿಸಿಟ್ಟಿದ್ದೆ. ಮಾವ ಲುಂಗಿಗೆ ಕೈ ಒರೆಸಿಕೊಂಡು ಪತ್ರವನ್ನು ದೂರ ಹಿಡಿದು ನೋಡಿದರು. ಮಗುಚಿ ನೋಡಿದರು. ಆಮೇಲೆ ಜೋಪಾನವಾಗಿ ಹಿಂದೆ ಕೊಟ್ಟರು.

"ಚಂದ ಉಂಟು ಮಗಾ. ಇದನ್ನು ಬೇರೆಯವರೂ ಓದಬಹುದಾ, ಇಲ್ಲಾ ಮನೆಯಲ್ಲಿರುವ ಆ ವಾರೆಯದ್ದಕ್ಕೆ ಮಾತ್ರ ಕಾಣುವುದಾ?"