ಟೊಪ್ಪಿ ಹಾಕಿ ಮಾಡಿದ ಕಡಾ ಪ್ರಸಾದ

ದೇವರ ಕೆಲಸಕ್ಕೆ ಮಡಿಯುಟ್ಟು ಕೂತ ದಿನವೇ ನಮ್ಮನೆಯಲ್ಲಿ ಏನಾದರೊಂದು ನಗೆಪಾಟಲು ಆಗುತ್ತದೆ. ಅದನ್ನೂ ದೇವರೇ ಮಾಡಿಸುವುದೆಂದು ನಾನು ನಂಬಿದ್ದೇನೆ.

ಸಮ ಅಳತೆ

ಬಾಳಗಡಿಯಲ್ಲಿ ನಮ್ಮ ಎದುರುಮನೆಗೆ ಬ್ಯಾಂಕಿನ ಸಿಖ್ ಅಧಿಕಾರಿಯೊಬ್ಬರು ಬಂದು ಎರಡು ವರ್ಷವಾಯಿತು. ಅವರ ತಾಯಿಗೆ ಮಂಡಿನೋವು. ಗುರುನಾನಕರ ಜಯಂತಿ ಹತ್ತಿರ ಬಂದಾಗ ಆಕೆ, "ಒಲೆ ಮುಂದೆ ನಿಲ್ಲಕ್ಕೆ ಆಗಲ್ಲ. ಈ ಸಲ ಕಡಾ ಪ್ರಸಾದ ಇಲ್ಲ" ಎಂದು ಕಣ್ಣೊರೆಸಿಕೊಂಡರು. ಹಬ್ಬದ ದಿನ ಹಿರಿಯರ ಬಾಯಿಗೆ ಪ್ರಸಾದ ಬೀಳದೆ ಇರಬಾರದು, ನಾವೇ ಮಾಡಿಕೊಡೋಣ ಎಂದು ನಿಶ್ಚಯಿಸಿದೆ.

ಕ್ರಮವನ್ನು ಆಕೆಯೇ ಹಿಂದೊಮ್ಮೆ ಹೇಳಿದ್ದರು. ತಲೆ ಮುಚ್ಚಿರಬೇಕು, ಬಾಯಲ್ಲಿ ನಾಮ ಇರಬೇಕು, ರುಚಿ ನೋಡಬಾರದು. ಗೋಧಿಹಿಟ್ಟು ಎಷ್ಟೋ ತುಪ್ಪವೂ ಅಷ್ಟೇ, ಸಕ್ಕರೆಯೂ ಅಷ್ಟೇ.

"ಹಿಟ್ಟಿನಷ್ಟೇ ತುಪ್ಪವಾ? ಇದೆಂತ ಮಾರಾಯ್ರೆ, ಪ್ರಸಾದವಾ ನಂದಾದೀಪವಾ?" ಎಂದಳು ನನ್ನ ಹೆಂಡತಿ. "ನನ್ನ ಕೈಯಲ್ಲಿ ಆಗುದಿಲ್ಲ, ನೀವೇ ಸುರೀರಿ."

ಗೋಡೆಯ ಕಡೆ ಮುಖ ತಿರುಗಿಸಿ ಕೂತವಳು "ಸಾಕು, ಸಾಕು" ಎಂದಳು. ನಾನಿನ್ನೂ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ.

ತಲೆ ಮುಚ್ಚಿದ್ದು

ತಲೆಗೆ ಸುತ್ತಿದ ಶಲ್ಯ ಹಿಟ್ಟು ಹುರಿಯುವಾಗ ಜಾರಿ ಜಾರಿ ಬಾಣಲೆಗೆ ಬರುತ್ತಿತ್ತು. ಅಡಿಕೆ ಹಾಳೆಯ ಹೊಸ ಟೊಪ್ಪಿಯೊಂದು ಗೂಟದಲ್ಲಿತ್ತು. ತೋಟದ ಕೆಲಸಕ್ಕೆಂದು ತಂದದ್ದು. ಅದನ್ನೇ ಹಾಕಿಕೊಂಡು "ವಾಹೆಗುರು, ವಾಹೆಗುರು" ಎನ್ನುತ್ತ ಸಟ್ಟುಗ ಆಡಿಸತೊಡಗಿದೆ.

ಕೆಲಸದ ಆಳು ಕಿಟಕಿಯಲ್ಲಿ ಇಣುಕಿದ. "ಅಯ್ಯಾ, ಒಲೆ ಮುಂದೆ ಟೊಪ್ಪಿ ಹಾಕ್ಕಂಡಿದೀರಲ್ಲ! ಮಾಡಿನ ಹೆಂಚು ಸೋರ್ತದಾ?"

ನಾಮ ಬಿಟ್ಟು ಬೇರೆ ಮಾತಾಡುವ ಹಾಗಿಲ್ಲ. "ವಾಹೆಗುರು" ಎಂದೆ.

"ಹೌದಾ? ಈಗ್ಲೇ ನೋಡ್ತೆ" ಎಂದು ಹೊರಟೇಹೋದ. ಸ್ವಲ್ಪ ಹೊತ್ತಿಗೆ ನನ್ನ ನೆತ್ತಿಯ ಮೇಲೆಯೇ ಹೆಂಚು ಸರಿಯುವ ಸದ್ದು ಕೇಳಿಸಿತು.

ರುಚಿ ನೋಡದ್ದು

ಸಟ್ಟುಗವನ್ನು ಹೆಂಡತಿಯ ಕೈಗೆ ಕೊಟ್ಟು, ಅವನನ್ನು ಇಳಿಸಿ ಬಂದೆ. ಅಷ್ಟರಲ್ಲಿ ಸಕ್ಕರೆನೀರು ಬಿದ್ದು ಪ್ರಸಾದ ಗಟ್ಟಿಯಾಗಿತ್ತು. ಅಡುಗೆಮನೆ ತುಂಬ ಏಲಕ್ಕಿ ಪರಿಮಳ.

"ಏಲಕ್ಕಿ ಹಾಕಿದೆಯಾ?"

"ಒಂದು ಚೂರು."

"ಮತ್ತೆಂತ ಹಾಕಿದೆ?"

"ಎರಡೇ ಬಾಳೆಹಣ್ಣು. ತುಪ್ಪ ಸಕ್ಕರೆ ಒಟ್ಟಿಗೆ ಕಂಡ್ರೆ ಕೈ ತಾನೇ ಹೋಗ್ತದೆ, ನಾನೆಂತ ಮಾಡ್ಲಿ?"

ಮತ್ತೆ ಮಾಡಲು ತುಪ್ಪವಿರಲಿಲ್ಲ. ರುಚಿ ನೋಡಿ ಸಮಾಧಾನಪಟ್ಟುಕೊಳ್ಳುವ ಹಾಗೂ ಇರಲಿಲ್ಲ.

ಎದುರುಮನೆಗೆ ಒಯ್ದು, ಏನೆಂದು ಹೇಳದೆ ಗುರುಗಳ ಪಟದ ಮುಂದಿಟ್ಟೆವು. ತಾಯಿ ಸೆರಗು ಹೊದ್ದು ಪ್ರಾರ್ಥಿಸಿ, ಎರಡೂ ಕೈ ಒಡ್ಡಿದರು. ಹೆಂಡತಿ ಬಡಿಸಿದಳು. ಬಾಯಿಗಿಟ್ಟುಕೊಂಡವರು ಕಣ್ಣು ಮುಚ್ಚಿದರು. ಎಷ್ಟು ಹೊತ್ತಾದರೂ ತೆರೆಯಲಿಲ್ಲ.

ಕೊನೆಗೆ ಕಣ್ಣು ಬಿಟ್ಟು, ಬೆರಳಿಗಂಟಿದ್ದನ್ನೂ ಬಿಡದೆ ತಿಂದು, ನನ್ನ ಹೆಂಡತಿಯ ತಲೆ ಸವರಿದರು.

"ಬೇಟಿ, ಈ ಊರಲ್ಲಿ ಎಲ್ಲಾ ಮನೆ ಸತ್ಯನಾರಾಯಣ ಪ್ರಸಾದ ತಿಂದಿದೀನಿ ನಾನು. ಇಷ್ಟು ತುಪ್ಪ ಯಾರೂ ಹಾಕಿಲ್ಲ!"